ಹಗ್ಗ ಬಿಚ್ಚದೆ ದಾಟುವ ಸೇತುವೆ

ಸೇತುವೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ತುಂಬಿದ ಹೊಳೆಯೂ ಅದಕ್ಕೆ ಅಡ್ಡಲಾಗಿ ಸಾಲುಗಟ್ಟಿ ನಿಂತ ಕಂಬಗಳೂ ಕಣ್ಣಮುಂದೆ ಬರುವುವು. ಮೈಸೂರು ಸೀಮೆಯವರಾದರೆ, ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ಕಲ್ಲಿನ ಸೇತುವೆಯನ್ನು ನೆನೆಯುವರು. ನಾವು ಈ ಹೊತ್ತು ಹೇಳಹೊರಟಿರುವ ಸೇತುವೆಗೆ ಅಂತಹ ಹಿರಿಮೆ ಏನೂ ಇಲ್ಲ. ಅದರ ಕೆಳಗಿರುವುದು ಹೊಳೆಯಲ್ಲ, ಮನುಷ್ಯರು ಅಗೆದ ಕಾಲುವೆ. ಅದಕ್ಕಿರುವುದು ಒಂದೇ ಕಮಾನು. ಯಾವ ಅರಸನೂ ಅದರ ಮೇಲೆ ಮೆರವಣಿಗೆ ಹೋದವನಲ್ಲ. ಯಾವ ಯುದ್ಧವೂ ಅದರ ಬಳಿ ನಡೆಯಲಿಲ್ಲ. ದೋಣಿಯನ್ನು ಎಳೆಯುವ ಕುದುರೆಯೊಂದು ಕಾಲುವೆಯ ಈ ದಡದಿಂದ ಆ ದಡಕ್ಕೆ ಹೋಗಲೆಂದು ಅದನ್ನು ಕಟ್ಟಿದರು. ಇಷ್ಟೇ ಅದರ ಚರಿತ್ರೆ. ಆದರೂ ಈ ಸಣ್ಣ ಸೇತುವೆಯನ್ನು ನಿಧಾನವಾಗಿ ನೋಡಿದವರಿಗೆ, ಕಟ್ಟಡ ಕಟ್ಟುವವರು ಯಾರನ್ನು ಕಣ್ಣಲ್ಲಿಟ್ಟುಕೊಂಡು ಕಟ್ಟಬೇಕೆಂಬ ಒಂದು ದೊಡ್ಡ ವಿಚಾರ ಅಲ್ಲಿ ದೊರೆಯುವುದೆಂದು ನಮ್ಮ ಅಭಿಪ್ರಾಯ.

ಮೊದಲು ಕಾಲುವೆಯ ಮಾತು. ನಾಲೆ, ಕಾಲುವೆ ಎಂದರೆ ನಮಗೆ ನೀರಾವರಿ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಗದ್ದೆಗಳನ್ನು ಸೇರುವುದನ್ನು ಬಲ್ಲ ನಮಗೆ, ಗದ್ದೆಗೆ ಹೋಗದ ಕಾಲುವೆಯೊಂದು ಇರಬಹುದೆಂಬುದೇ ತಟ್ಟನೆ ತೋರುವುದಿಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಗೆದ ಕಾಲುವೆಗಳು ಬೇರೆ ಜಾತಿಯವು. ಅವು ನೀರಿನ ಹೆದ್ದಾರಿಗಳು. ಅವುಗಳಲ್ಲಿ ನೀರು ಹೆಚ್ಚುಕಡಮೆ ನಿಂತೇ ಇರುವುದು, ಚಲಿಸುವುದು ದೋಣಿ. 1761ರಲ್ಲಿ ಬ್ರಿಜ್‌ವಾಟರ್ ಡ್ಯೂಕನು ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ನಗರದತ್ತ ಸಾಗಿಸಲು ಕಾಲುವೆಯನ್ನು ತೆರೆಯಿಸಿದನು. ಜೇಮ್ಸ್ ಬ್ರಿಂಡ್ಲಿ ಎಂಬ ಯಂತ್ರಕುಶಲನು ಇರ್ವೆಲ್ ನದಿಯ ಮೇಲೆಯೇ ಆ ಕಾಲುವೆಯನ್ನು ಕಲ್ಲಿನ ಕಮಾನುಗಳ ಮೇಲೆ ಹಾಯಿಸಿದನು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಅಲ್ಲಿಂದ ಮುಂದೆ ಎಪ್ಪತ್ತು ವರ್ಷಗಳ ಕಾಲ ದೇಶವೆಲ್ಲ ಕಾಲುವೆ ಅಗೆಯುವುದರಲ್ಲಿ ತೊಡಗಿತು. ಕೈಗಾರಿಕಾ ಕ್ರಾಂತಿಯ ಕಲ್ಲಿದ್ದಲು, ಸುಣ್ಣ, ಹತ್ತಿ, ಮಣ್ಣಿನ ಪಾತ್ರೆ, ಕಬ್ಬಿಣ ಎಲ್ಲವೂ ಈ ನೀರಿನ ಮೇಲೆಯೇ ಹೋದುವು.

ಕಾರಣ ಸರಳವಾದುದು. ಆ ಕಾಲದ ಒಳ್ಳೆಯ ರಸ್ತೆಯಲ್ಲಿ ಒಂದು ಕುದುರೆ ಎಳೆಯಬಲ್ಲ ಭಾರ ಎರಡು ಟನ್ನಿನಷ್ಟು. ಕೆಸರಿನ ದಾರಿಯಲ್ಲಾದರೆ ಅದರ ಅರ್ಧವೂ ಇಲ್ಲ. ಅದೇ ಕುದುರೆ ನಿಂತ ನೀರಿನ ಮೇಲೆ ತೇಲುವ ದೋಣಿಯಲ್ಲಿ 25 ಟನ್ ಭಾರವನ್ನು ನಿರಾಯಾಸವಾಗಿ ಎಳೆದುಕೊಂಡು ಹೋಗುವುದು. ಈ ದೋಣಿ ಸುಮಾರು 70 ಅಡಿ ಉದ್ದ, ಏಳೇ ಅಡಿ ಅಗಲ. ಕುದುರೆ ಕಾಲುವೆಯ ದಡದ ಮೇಲಿನ ಕಿರುದಾರಿಯಲ್ಲಿ ಮನುಷ್ಯನ ನಡಿಗೆಯ ವೇಗದಲ್ಲಿ ನಡೆಯುವುದು. ಅದಕ್ಕೂ ದೋಣಿಗೂ ನಡುವೆ ಉದ್ದನೆಯ ಹಗ್ಗ. ಇದರಲ್ಲಿ ಒಂದು ಗುಟ್ಟಿದೆ. ಹೊರಟ ದೋಣಿಯನ್ನು ನಡೆಸುವುದು ಸುಲಭ. ನಿಂತ ದೋಣಿಯನ್ನು ಹೊರಡಿಸುವುದು ಕಷ್ಟ. ಕುದುರೆ ತನ್ನ ಮೈಭಾರವನ್ನೆಲ್ಲ ಕೊರಳ ಪಟ್ಟಿಗೆ ಒಡ್ಡಿ, ಗೊರಸುಗಳನ್ನು ನೆಲಕ್ಕೆ ಊರಿ ಬಾಗಿದಾಗ, ಅಷ್ಟು ದೊಡ್ಡ ಹೊರೆ ಮೆಲ್ಲಮೆಲ್ಲನೆ ಕದಲುವುದು. ದಿನದಲ್ಲಿ ಎಷ್ಟು ಸಲ ದೋಣಿ ನಿಂತಿತೋ ಅಷ್ಟು ಸಲ ಈ ಸಂಕಟ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಮ್ಮ ಸೇತುವೆಯ ರೂಪಕ್ಕೆಲ್ಲ ಇದೇ ಮೂಲ.

ಆ ಸೇತುವೆ ಇರುವುದು ಇಂಗ್ಲೆಂಡಿನ ವಾಯವ್ಯಕ್ಕೆ, ಚೆಷೈರ್ ಪ್ರಾಂತದ ಮ್ಯಾಕಲ್ಸ್‌ಫೀಲ್ಡ್ ಕಾಲುವೆಯ ಮೇಲೆ. ಮ್ಯಾಕಲ್ಸ್‌ಫೀಲ್ಡ್ ರೇಷ್ಮೆಯ ಗಿರಣಿಗಳಿಗೆ ಹೆಸರಾಗಿದ್ದ ಊರು. ಉತ್ತರದಲ್ಲಿ ಮಾರ್ಪಲ್ ಎಂಬಲ್ಲಿ ಹೊರಟು, ಪೆನ್ನೈನ್ ಬೆಟ್ಟಗಳ ತಪ್ಪಲನ್ನು ಹಿಡಿದು, ಮ್ಯಾಕಲ್ಸ್‌ಫೀಲ್ಡ್, ಕಾಂಗಲ್ಟನ್ ಊರುಗಳ ಪಕ್ಕದಲ್ಲಿ ಹಾದು ಸುಮಾರು 26 ಮೈಲಿ ದೂರ ಈ ಕಾಲುವೆ ದಕ್ಷಿಣಕ್ಕೆ ಹೋಗುವುದು. ಸುಪ್ರಸಿದ್ಧ ಇಂಜಿನಿಯರಾದ ಥಾಮಸ್ ಟೆಲ್‌ಫೋರ್ಡ್ ಇದರ ದಾರಿಯನ್ನು ಪರೀಕ್ಷಿಸಿ ಸಲಹೆ ಕೊಟ್ಟನು. ಕಟ್ಟಿಸಿದವನು ವಿಲಿಯಂ ಕ್ರಾಸ್ಲಿ. 1826ರಲ್ಲಿ ಪಾರ್ಲಿಮೆಂಟಿನ ಶಾಸನವಾಯಿತು. 1831ರ ನವೆಂಬರ್ 9ರಂದು ಕಾಲುವೆ ತೆರೆಯಿತು. ದಾರಿಯಲ್ಲಿ ನೆಲ ಇಳಿಯುವ ಇಳಿತವನ್ನೆಲ್ಲ ಬಾಸ್ಲಿ ಎಂಬ ಒಂದೇ ಕಡೆಯಲ್ಲಿ ಕೂಡಿಸಿ, ಅಲ್ಲಿ ಒಂದಾದ ಮೇಲೊಂದರಂತೆ ಹನ್ನೆರಡು ಲಾಕುಗಳನ್ನು, ಎಂದರೆ ದೋಣಿಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಬಾಗಿಲುಳ್ಳ ನೀರಿನ ತೊಟ್ಟಿಗಳನ್ನು, ಕಟ್ಟಿದರು. ಅವೆಲ್ಲ ಸೇರಿ ಇಳಿಸುವುದು 118 ಅಡಿ. ಉಳಿದೆಡೆಯಲ್ಲಿ ಕಾಲುವೆ ಮೈಲಿಗಟ್ಟಲೆ ಒಂದೇ ಮಟ್ಟದಲ್ಲಿ ಹೋಗುವುದು. ದೋಣಿಯವರಿಗೆ ತಡೆ ಕಡಮೆಯಾಗಬೇಕೆಂಬುದೇ ಇದನ್ನು ಯೋಜಿಸಿದವರ ಮನಸ್ಸಿನಲ್ಲಿದ್ದ ವಿಚಾರವೆಂಬುದು ಇದರಿಂದ ಸ್ಪಷ್ಟವಾಗುವುದು.

ಹೊಸದಾಗಿ ಅಗೆದ ಕಾಲುವೆ ಹೊಲಗಳನ್ನೂ ರಸ್ತೆಗಳನ್ನೂ ಎರಡಾಗಿ ಸೀಳುವುದು. ಹೀಗೆ ತುಂಡಾದ ದಾರಿಗಳನ್ನು ಕೂಡಿಸುವುದು ಕಾಲುವೆಯ ಕಂಪೆನಿಯ ಹೊಣೆ. ಅದಕ್ಕಾಗಿ ಕಟ್ಟಿದ ಕಲ್ಲಿನ ಸೇತುವೆಗಳು ಬಹುಸಂಖ್ಯೆಯಲ್ಲಿವೆ. ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟಿದೆ. ಸಾಮಾನ್ಯವಾಗಿ ಇಂತಹ ಸೇತುವೆಯ ಕಮಾನಿನ ಕೆಳಗೆ ನೀರಿನ ಪಕ್ಕದಲ್ಲಿಯೇ ಕುದುರೆಯ ದಾರಿಯೂ ನುಸುಳಿ ಹೋಗುವುದು. ಕುದುರೆ ಕಮಾನಿನ ಕೆಳಗೆ ನಡೆಯುವುದು. ಹಗ್ಗವೂ ಅದರ ಹಿಂದೆಯೇ ಬರುವುದು. ಅದರ ಹಿಂದೆ ದೋಣಿ. ಇದರಲ್ಲಿ ತೊಡಕೇನೂ ಇಲ್ಲ. ತೊಡಕು ಬರುವುದು ಕುದುರೆಯ ದಾರಿ ಒಂದು ದಡದಿಂದ ಇನ್ನೊಂದಕ್ಕೆ ಬದಲಾಗಬೇಕಾದಾಗ. ಒಂದು ಕಡೆ ಬೆಟ್ಟದ ಮಗ್ಗುಲು ಅಡ್ಡ ಬರಬಹುದು. ಒಂದು ಕಡೆ ಸರಕು ಇಳಿಸುವ ಕಟ್ಟೆ ಇರಬಹುದು. ಇನ್ನೊಂದು ಕಡೆ ಜಮೀನಿನ ಒಡೆಯನು ತನ್ನ ದಡದಲ್ಲಿ ಕುದುರೆಗಳು ಓಡಾಡಬಾರದೆನ್ನಬಹುದು. ಕಾರಣ ಯಾವುದೇ ಆಗಲಿ, ಕುದುರೆ ಸೇತುವೆಯನ್ನು ಹತ್ತಿ ಆಚೆ ದಡಕ್ಕೆ ಇಳಿಯಬೇಕು.

ಆಗ ಏನಾಗುವುದು? ಕುದುರೆ ಸೇತುವೆಯ ಮೇಲೆ. ದೋಣಿ ಸೇತುವೆಯ ಕೆಳಗೆ. ಕುದುರೆ ಹತ್ತಿ ದಾಟಿ ಮುಂದಕ್ಕೆ ಇಳಿದುಹೋದರೆ, ಹಗ್ಗ ಸೇತುವೆಯ ಮೇಲಿಂದ ಹೋಗುವುದು, ದೋಣಿ ಕೆಳಗಿನಿಂದ ಬರುವುದು. ನಡುವೆ ಸೇತುವೆಯೇ ಹಗ್ಗಕ್ಕೆ ಸಿಕ್ಕಿಕೊಳ್ಳುವುದು. ಆದುದರಿಂದ ದೋಣಿಯವನು ಹಗ್ಗವನ್ನು ಬಿಚ್ಚಿ, ಕುದುರೆಯನ್ನು ದಾಟಿಸಿ, ದೋಣಿ ಕಮಾನಿನಿಂದ ಹೊರಬಂದ ಬಳಿಕ ಮತ್ತೆ ಕಟ್ಟಬೇಕು. ಒಂದು ಸಲಕ್ಕೆ ಇದು ಕೆಲವು ನಿಮಿಷಗಳ ಕೆಲಸ. ಆದರೆ ಅಷ್ಟರೊಳಗೆ ದೋಣಿಯ ವೇಗ ಸತ್ತುಹೋಗುವುದು; ಗಾಳಿಯಿದ್ದರೆ ದೋಣಿ ದಡಕ್ಕೆ ಒರಗುವುದು; ಮತ್ತೆ ಕುದುರೆ ಬಾಗಿ, ಗೊರಸು ಊರಿ, ಸತ್ತ ಭಾರವನ್ನು ಹೊರಡಿಸಬೇಕು. ಮಳೆಯಲ್ಲಿ, ಕತ್ತಲೆಯಲ್ಲಿ, ಹಿಮ ಕಟ್ಟಿದ ಹಗ್ಗದ ಗಂಟನ್ನು ಬೆರಳಿನಿಂದ ಬಿಡಿಸುವ ಕೆಲಸ ಎಂತಹುದೆಂಬುದನ್ನು ಊಹಿಸಿಕೊಳ್ಳಬಹುದು.

ಈ ತೊಡಕನ್ನು ಮ್ಯಾಕಲ್ಸ್‌ಫೀಲ್ಡ್ ಕಾಲುವೆಯ ಕಲ್ಲುಕೆಲಸದವರು ಬಿಡಿಸಿದ ರೀತಿ ಬಹು ಸೊಗಸಾದುದು. ಆಕಾಶವಾಣಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಆದುದರಿಂದ ಶ್ರೋತೃಗಳು ಒಂದು ಕಾಗದದ ಮೇಲೆ ಗೆರೆ ಎಳೆದುಕೊಂಡರೆ ಒಳ್ಳೆಯದು. ಕಾಗದದ ಕೆಳಗಿನಿಂದ ಮೇಲಕ್ಕೆ ಒಂದು ನೇರವಾದ ಗೆರೆ, ಅದು ಕಾಲುವೆ. ಅದರ ನಡುವೆ ಅಡ್ಡಲಾಗಿ ಒಂದು ಸಣ್ಣ ಗೆರೆ, ಅದು ಸೇತುವೆ. ಕುದುರೆ ಕಾಲುವೆಯ ಎಡದಡದಲ್ಲಿ ಕೆಳಗಿನಿಂದ ಮೇಲಕ್ಕೆ ಬರುತ್ತಿದೆ. ದೋಣಿ ಅದರ ಹಿಂದೆ ಇದೆ. ಕುದುರೆ ಎಡಗಡೆಯ ಏರನ್ನು ಹತ್ತಿ ಸೇತುವೆಯ ಮೇಲೆ ಬಂದು ಬಲದಡಕ್ಕೆ ದಾಟುವುದು. ಇಲ್ಲಿ ಸಾಮಾನ್ಯ ಸೇತುವೆಯಾದರೆ ಇಳಿಜಾರು ಮುಂದಕ್ಕೆ ಹೋಗುತ್ತಿತ್ತು. ನಮ್ಮ ಸೇತುವೆಯಲ್ಲಿ ಅದು ಹಿಂದಕ್ಕೆ, ಎಂದರೆ ದೋಣಿ ಬರುತ್ತಿರುವ ಕಡೆಗೇ, ಶಂಖದ ಸುಳಿಯಂತೆ ಸುತ್ತಿಕೊಂಡು ಇಳಿಯುವುದು. ಹೀಗೆ ಇಳಿದ ಕುದುರೆ ಬಲದಡದಲ್ಲಿ ಸೇತುವೆಯ ಹಿಂಬದಿಗೆ ಬಂದು ನಿಲ್ಲುವುದು. ಅಲ್ಲಿಂದ ಮತ್ತೆ ಮುಂದಕ್ಕೆ ತಿರುಗಿ, ತಾನು ಈಗತಾನೆ ಮೇಲೆ ನಡೆದ ಕಮಾನಿನ ಕೆಳಗೇ ನುಸುಳಿ ಹೋಗುವುದು. ಹಗ್ಗ ಸೇತುವೆಯ ಮೋಟುಗೋಡೆಯ ಮೇಲೆ ಜಾರಿ, ಗೋಡೆಯ ಮೈಮೇಲೆ ಸರಿದು, ಕೆಳಗೆ ಬಿದ್ದು, ಕುದುರೆಯ ಹಿಂದೆ ಕಮಾನನ್ನು ಹೊಕ್ಕುವುದು. ದೋಣಿ ಇಷ್ಟು ಹೊತ್ತೂ ತನ್ನ ವೇಗದ ಬಲದಿಂದಲೇ ತೇಲಿಕೊಂಡು ಬರುತ್ತಿರುವುದು. ಎದುರು ದಿಕ್ಕಿನಿಂದ ಬರುವವರಿಗೂ ಇದೇ ದಾರಿ ಹಿಂದುಮುಂದಾಗಿ ಒದಗುವುದು. ಯಾರೂ ಹಗ್ಗ ಬಿಚ್ಚಬೇಕಾಗಿಲ್ಲ. ಯಾರೂ ದೋಣಿಯನ್ನು ನಿಲ್ಲಿಸಬೇಕಾಗಿಲ್ಲ.

ಮೇಲಿನಿಂದ ನೋಡಿದರೆ ಈ ಸೇತುವೆ ಹರಿದಾಡುವ ಹಾವಿನಂತೆ ಕಾಣುವುದು. ಅದಕ್ಕೇ ಆ ಸೀಮೆಯವರು ಇದಕ್ಕೆ ಹಾವಿನ ಸೇತುವೆ ಎಂದು ಹೆಸರಿಟ್ಟರು. ಇಂತಹ ಸೇತುವೆಗಳು ಆ ಕಾಲುವೆಯ ಮೇಲೆ ಹಲವಿವೆ. ಮ್ಯಾಕಲ್ಸ್‌ಫೀಲ್ಡ್ ಮತ್ತು ಕಾಂಗಲ್ಟನ್ ಊರುಗಳ ಬಳಿ ಇರುವುವು ಬಹಳ ಚೆಲುವಾದುವು. ಕಲ್ಲು ಆ ಬೆಟ್ಟಸೀಮೆಯದೇ ಆದ ಒರಟು ಮರಳುಗಲ್ಲು. ಆ ಸೇತುವೆಯ ಗೋಡೆ ಬಾಗುವುದು, ಬಾಗುತ್ತಲೇ ಏರುವುದು, ಏರುತ್ತಲೇ ಸ್ವಲ್ಪ ಒಳಕ್ಕೆ ವಾಲುವುದು. ಮೂರು ಬಗೆಯ ಬಾಗನ್ನು ಒಂದೇ ಗೋಡೆಯಲ್ಲಿ ತರಬೇಕಾದ ಕಲ್ಲುಕುಟಿಗನಿಗೆ ನೂಲು ಹಿಡಿದು ನೇರ ಗೋಡೆ ಕಟ್ಟುವವನ ನೆಮ್ಮದಿ ಇಲ್ಲ. ಅಷ್ಟೇ ಅಲ್ಲ, ಹಗ್ಗ ಎಲ್ಲಿಯೂ ತೊಡರಬಾರದೆಂದು ಅವನು ಮೊನೆಯಾದ ಮೂಲೆಯನ್ನು ಎಲ್ಲಿಯೂ ಬಿಡಲಿಲ್ಲ. ಮೋಟುಗೋಡೆಯ ತಲೆಗಲ್ಲುಗಳನ್ನು ದುಂಡಗೆ ಮಾಡಿದನು. ನೋಡುವವರು ಇಂದು ಯಾವುದನ್ನು ಚೆಲುವೆಂದು ಕೊಂಡಾಡುವರೋ ಅದೆಲ್ಲ ಹಗ್ಗ ಸರಾಗವಾಗಿ ಜಾರಲೆಂದು ಮಾಡಿದ್ದು. ಒಂದು ಬಳ್ಳಿಯನ್ನಾಗಲಿ ಒಂದು ಹೂವನ್ನಾಗಲಿ ಆ ಕಲ್ಲಿನ ಮೇಲೆ ಕೆತ್ತಿಲ್ಲ.

ಹಗ್ಗದ ತೊಡಕಿಗೆ ಬೇರೆ ಉಪಾಯಗಳೂ ಇದ್ದುವು. ಸ್ಟ್ರ್ಯಾಟ್‌ಫರ್ಡ್ ಕಾಲುವೆಯ ಮೇಲೆ ಎರಡು ದಡಗಳಿಂದ ಎರಡು ಕಬ್ಬಿಣದ ತೋಳುಗಳನ್ನು ಚಾಚಿ, ಅವು ಕೂಡುವ ನಡುವಿನಲ್ಲಿ ಒಂದು ಕಿರುಸಂದನ್ನು ಬಿಟ್ಟರು. ಕುದುರೆ ಸೇತುವೆಯ ಪಕ್ಕದಿಂದ ಹೋಗುವುದು. ಹಗ್ಗ ಆ ಸಂದಿನಲ್ಲಿ ನುಸುಳುವುದು. ಕಮಾನಿನ ಕೆಳಗೆ ಕುದುರೆಗೆ ದಾರಿ ಬಿಡಬೇಕಾಗಿಲ್ಲವಾದುದರಿಂದ ಸೇತುವೆ ಚಿಕ್ಕದಾಯಿತು, ವೆಚ್ಚ ಕಡಮೆಯಾಯಿತು. ಇದೂ ಜಾಣತನವೇ. ಎರಡು ಕಡೆಯವರೂ ಸೇತುವೆಯ ಲೆಕ್ಕವನ್ನು ಹಗ್ಗದಿಂದಲೇ ಮೊದಲುಮಾಡಿದರು ಎಂಬುದನ್ನು ಗಮನಿಸಬೇಕು.

ಆದರೆ ಕಂಪೆನಿಯವರು ದಯಾಮಯರಾಗಿದ್ದರೆಂದು ನಾವು ಹೇಳುತ್ತಿಲ್ಲ. ದೋಣಿಗಳು ಬೇಗ ಸಾಗಿದರೆ ಹೆಚ್ಚು ದೋಣಿಗಳು ಬರುವುವು. ಹೆಚ್ಚು ದೋಣಿಗಳು ಬಂದರೆ ಹೆಚ್ಚು ಸುಂಕ. ಲೆಕ್ಕವೇ ಅವರಿಗೆ ಈ ಬುದ್ಧಿಯನ್ನು ಕಲಿಸಿತು. ಆದರೂ ಕಲ್ಲುಕುಟಿಗನು ಕುದುರೆಯ ನಡಿಗೆಯನ್ನು ಅಷ್ಟು ಚೆನ್ನಾಗಿ ನೋಡಿ ತಿಳಿದಿದ್ದುದು ಸುಳ್ಳಲ್ಲ. ಗೊರಸು ಜಾರದಿರಲೆಂದು ಏರಿನಲ್ಲಿ ಎಷ್ಟು ಓಟವಿರಬೇಕು, ತಿರುವಿನಲ್ಲಿ ಎಷ್ಟು ಅಗಲವಿರಬೇಕು, ಹಗ್ಗ ಯಾವ ಕಲ್ಲನ್ನು ಸವರಿಕೊಂಡು ಹೋಗುವುದು, ಇದೆಲ್ಲ ಕೋಣೆಯಲ್ಲಿ ಕುಳಿತು ತಿಳಿಯುವ ವಿದ್ಯೆಯಲ್ಲ.

ಈಗ ಕಲ್ಲಿನ ಮೇಲೆ ಉಳಿದಿರುವ ಗುರುತಿನ ಮಾತು. ನಮ್ಮ ಹಳ್ಳಿಗಳ ಹಳೆಯ ಬಾವಿಗಳ ಕಟ್ಟೆಗಲ್ಲಿನ ಮೇಲೆ ಹಗ್ಗ ಸವೆದು ಮಾಡಿದ ಗಾಡಿಗಳನ್ನು ನೋಡದವರಿಲ್ಲ. ಅಂತಹವೇ ಗೆರೆಗಳು ಇಂಗ್ಲೆಂಡಿನ ಕಾಲುವೆಯ ಸೇತುವೆಗಳ ಮೂಲೆಗಲ್ಲುಗಳ ಮೇಲೂ ಇವೆ. ನೆನೆದ ಹಗ್ಗಕ್ಕೆ ದಾರಿಯ ಮರಳು ಅಂಟಿ ಅದು ಗರಗಸದಂತಾಗುವುದು. ದಿನಕ್ಕೆ ಹಲವು ಸಲದಂತೆ ದಶಕಗಳ ಕಾಲ ಉಜ್ಜಿ ಉಜ್ಜಿ ಬೆರಳು ಹುದುಗುವಷ್ಟು ಆಳವಾದ ಕೊರೆತಗಳನ್ನು ಮಾಡಿದೆ. ಕಾಲುವೆಯ ದೋಣಿಯವರಲ್ಲಿ ಅಕ್ಷರ ಬಲ್ಲವರು ವಿರಳ. ಅವರು ತಮ್ಮ ಬದುಕನ್ನು ಬರೆದಿಡಲಿಲ್ಲ. ಅವರು ಹಾದುಹೋದರೆಂಬುದಕ್ಕೆ ಅವರ ಕೈಯಿಂದಲೇ ಬಂದ ಸಾಕ್ಷಿ ಈ ಗೆರೆಗಳು.

ಆ ಬದುಕು ಎಂತಹುದು? ರೈಲಿನ ಪೈಪೋಟಿಯಿಂದ ಬಾಡಿಗೆ ಇಳಿದಂತೆಲ್ಲ, ಕೂಲಿಯಾಳನ್ನು ಇಟ್ಟುಕೊಳ್ಳಲಾರದೆ, ದಡದ ಮೇಲೆ ಮನೆಯ ಬಾಡಿಗೆ ತೆರಲಾರದೆ, ದೋಣಿಯವನು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದನು. ಏಳಡಿ ಅಗಲದ ದೋಣಿಯ ಹಿಂಭಾಗದಲ್ಲಿ ಒಂದು ಕಿರುಗೂಡು. ಅಡಿಗೆ, ಊಟ, ನಿದ್ರೆ, ಹೆರಿಗೆ ಎಲ್ಲವೂ ಅದರೊಳಗೆ. ಕುದುರೆಯ ಪಕ್ಕದಲ್ಲಿ ಮೈಲಿಗಟ್ಟಲೆ ನಡೆಯುವ ಕೆಲಸ ಎಷ್ಟೋ ಕಡೆ ಮಕ್ಕಳದಾಯಿತು. ದೋಣಿ ಇಂದು ಈ ಊರಿನಲ್ಲಿ, ನಾಳೆ ಇನ್ನೊಂದರಲ್ಲಿ. ಆ ಮಕ್ಕಳಿಗೆ ಪಾಠಶಾಲೆ ಎಲ್ಲಿಯದು?

ಇದನ್ನು ಕಂಡು ಸುಮ್ಮನಿರಲಾರದವನೊಬ್ಬನಿದ್ದನು. ಅವನ ಹೆಸರು ಜಾರ್ಜ್ ಸ್ಮಿತ್. ಅವನು ಹುಟ್ಟಿದುದು 1831ರಲ್ಲಿ, ಕಾಲುವೆ ತೆರೆದ ವರ್ಷದಲ್ಲಿಯೇ; ಹುಟ್ಟಿದ ಊರು ಟನ್‌ಸ್ಟಲ್, ಕಾಲುವೆಯ ದಕ್ಷಿಣದ ಕೊನೆಯಿಂದ ಕೆಲವೇ ಮೈಲಿ ದೂರ. ಬಾಲ್ಯದಲ್ಲಿಯೇ ಇಟ್ಟಿಗೆಯ ಕೆಲಸದಲ್ಲಿ ಜೇಡಿಮಣ್ಣಿನ ಹೊರೆ ಹೊತ್ತವನು. ದೊಡ್ಡವನಾಗಿ ಮೊದಲು ಇಟ್ಟಿಗೆಯ ಕೆಲಸದಲ್ಲಿದ್ದ ಮಕ್ಕಳ ಪರವಾಗಿ ಹೋರಾಡಿದನು. 1871ರಲ್ಲಿ ಅದಕ್ಕಾಗಿ ಶಾಸನವಾಯಿತು. ಆಮೇಲೆ ಕಾಲುವೆಯ ಮಕ್ಕಳ ಕಡೆಗೆ ತಿರುಗಿ, 1875ರಲ್ಲಿ ಅವರ ಸ್ಥಿತಿಯನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. ಇದರ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಶಾಸನ ಬಂದಿತು. ಜನ ವಾಸಿಸುವ ದೋಣಿಗಳನ್ನು ದಾಖಲೆ ಮಾಡಿಸಬೇಕು, ಒಂದು ಗೂಡಿನಲ್ಲಿ ಇಂತಿಷ್ಟೇ ಜನ ಇರಬೇಕು, ದೋಣಿ ದಾಖಲೆಯಾದ ಊರೇ ಮಕ್ಕಳ ಶಾಲೆಗೆ ಅವರ ಊರೆಂದು ಎಣಿಸಬೇಕು ಎಂದು ಅದರಲ್ಲಿ ಗೊತ್ತುಮಾಡಿದರು. ಶಾಸನ ಕಾಗದದಲ್ಲಿಯೇ ಉಳಿಯುತ್ತಿದ್ದುದರಿಂದ 1884ರಲ್ಲಿ ತಪಾಸಣೆಯನ್ನು ಬಿಗಿಮಾಡಬೇಕಾಯಿತು.

ನಾವು ಈ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಬಯಸುತ್ತೇವೆ. 1831ರಲ್ಲಿ ಕಾಲುವೆ ಕಟ್ಟಿದವರ ಕಣ್ಣಿಗೆ ಹಗ್ಗ ಕಂಡಿತು, ಕುದುರೆ ಕಂಡಿತು. ಅವುಗಳಿಗಾಗಿ ಕಲ್ಲನ್ನೇ ಬಾಗಿಸಿದರು. ಕುದುರೆಯ ಪಕ್ಕದಲ್ಲಿ ನಡೆಯುವ ಮಗು ಸಮಾಜದ ಕಣ್ಣಿಗೆ ಬೀಳಲು ಮತ್ತೆ ನಲವತ್ತಾರು ವರ್ಷಗಳು ಬೇಕಾದುವು. ಇದರಿಂದ ಸೇತುವೆಯ ಚೆಲುವಿಗೆ ಕುಂದಿಲ್ಲ. ಆದರೆ ಅದನ್ನು ಹೊಗಳುವವರು ಈ ಅರ್ಧವನ್ನು ಬಿಟ್ಟು ಹೊಗಳಿದರೆ ಚರಿತ್ರೆಗೆ ಅಪಚಾರವಾಗುವುದು.

ಕಾಲುವೆಯ ಭಾಗ್ಯ ಬಹುಕಾಲ ಉಳಿಯಲಿಲ್ಲ. ಅದು ತೆರೆಯುವುದಕ್ಕೆ ಒಂದು ವರ್ಷ ಮುಂಚೆಯೇ, 1830ರಲ್ಲಿ, ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ರೈಲು ಓಡಲಾರಂಭಿಸಿತ್ತು. ಹದಿನೈದು ಹದಿನಾರು ವರ್ಷಗಳಲ್ಲಿ ಮ್ಯಾಕಲ್ಸ್‌ಫೀಲ್ಡ್ ಕಾಲುವೆಯೇ ರೈಲ್ವೆ ಕಂಪೆನಿಯೊಂದರ ಕೈಸೇರಿತು. 1948ರಲ್ಲಿ ಬ್ರಿಟನ್ನಿನ ಬಹುಪಾಲು ಕಾಲುವೆಗಳು ಸರ್ಕಾರದ ಸ್ವತ್ತಾದುವು. ಅಷ್ಟು ಹೊತ್ತಿಗೆ ಯಂತ್ರದ ದೋಣಿಗಳೂ ರಸ್ತೆಯ ಲಾರಿಗಳೂ ಬಂದು ಕುದುರೆಗೆ ಕೆಲಸ ಹೋಗುತ್ತಿತ್ತು. ಸಂಚಾರವಿಲ್ಲದ ಕಾಲುವೆಗಳನ್ನು ಮುಚ್ಚಿಬಿಡುವುದೇ ಲೇಸೆಂದು ಹೇಳುವವರು ಹೆಚ್ಚಾದರು. 1962ರಲ್ಲಿ ನೆರೆಯ ಪೀಕ್ ಫಾರೆಸ್ಟ್ ಕಾಲುವೆಯನ್ನು ಹೊಳೆಯ ಮೇಲೆ ಹಾಯಿಸುವ ಮಾರ್ಪಲಿನ ದೊಡ್ಡ ಕಲ್ಲುಕಟ್ಟಡದ ಒಂದು ಪಕ್ಕ ಕುಸಿಯಿತು. ಅದನ್ನು ಕೆಡವಬೇಕೆಂಬ ಮಾತು ಬಂದಿತು. ಆಗ ಬ್ರೆಡ್‌ಬರಿ ಮತ್ತು ರೊಮಿಲಿ ಎಂಬ ಎರಡು ಸಣ್ಣ ಊರುಗಳ ಆಡಳಿತ ಸಭೆ ವೆಚ್ಚದಲ್ಲಿ ಪಾಲು ಕೊಡಲು ಮುಂದೆ ಬಂದು ಅದನ್ನು ಉಳಿಸಿತು. ಮುಂದೆ ನೂರಾರು ಮಂದಿ ಗಂಡಸರೂ ಹೆಂಗಸರೂ, ಕೂಲಿ ಇಲ್ಲದೆ, ರಜದ ದಿನಗಳಲ್ಲಿ ಸಲಿಕೆ ಹಿಡಿದು ಆಷ್ಟನ್ ಕಾಲುವೆಯ ಹೂಳನ್ನೂ ಕಸವನ್ನೂ ಎತ್ತಿದರು. 1974ರಲ್ಲಿ ಆ ಕಾಲುವೆಗಳು ಮತ್ತೆ ತೆರೆದುವು. ಮ್ಯಾಕಲ್ಸ್‌ಫೀಲ್ಡ್ ಕಾಲುವೆಗೆ ಉತ್ತರದ ದಾರಿ ಮರಳಿ ದೊರೆಯಿತು. 2012ರಿಂದ ಇವುಗಳ ಪಾಲನೆ ಒಂದು ಧರ್ಮದತ್ತಿ ಸಂಸ್ಥೆಯ ಕೈಯಲ್ಲಿದೆ. ಇಂದು ಆ ನೀರಿನ ಮೇಲೆ ಹೋಗುವುದು ವಿಹಾರದ ದೋಣಿಗಳು. ಹಾವಿನ ಸೇತುವೆಗಳನ್ನು ಕಾಯಿದೆಯ ರಕ್ಷಣೆಗೆ ಸೇರಿಸಿದ್ದಾರೆ.

ಕುದುರೆಯೇ ಇಲ್ಲದ ಮೇಲೆ ಕುದುರೆಯ ಸೇತುವೆ ಏತಕ್ಕೆ ಎಂದು ಕೇಳಬಹುದು. ಅರಮನೆಗಳನ್ನೂ ಕೋಟೆಗಳನ್ನೂ ಕಾಪಾಡಲು ಎಲ್ಲ ದೇಶಗಳಲ್ಲೂ ಜನರಿರುವರು. ದುಡಿದವರ ದಾರಿಗಳನ್ನು, ಬಾವಿಯ ಕಟ್ಟೆಗಳನ್ನು, ಹೊರೆಯಿಳುಕುವ ಕಲ್ಲುಗಳನ್ನು ಕಾಪಾಡುವವರು ಕಡಮೆ. ನಮ್ಮ ಊರುಗಳ ಪಕ್ಕದಲ್ಲಿ ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಎತ್ತಿಕೊಳ್ಳಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳು ಇದೇ ಬುದ್ಧಿಯಿಂದ ಹುಟ್ಟಿದುವು. ರಸ್ತೆ ಅಗಲಿಸುವಾಗ ಅವುಗಳನ್ನು ಕಿತ್ತು ಚರಂಡಿಗೆ ಹಾಸುವುದಕ್ಕೆ ಮುಂಚೆ ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು. ಹಾಗೆಯೇ ಇಂದು ಸೇತುವೆಯನ್ನೋ, ಮೆಟ್ಟಿಲನ್ನೋ, ಆಸ್ಪತ್ರೆಯ ಬಾಗಿಲನ್ನೋ ಕಟ್ಟುವ ತರುಣ ಇಂಜಿನಿಯರುಗಳು, ಅದರ ಮೇಲೆ ಹೊರೆ ಹೊತ್ತು ನಡೆಯುವವರು ಯಾರು, ಅವರ ಪಕ್ಕದಲ್ಲಿ ನಡೆಯುವ ಮಕ್ಕಳು ಯಾರು ಎಂದು ನಕ್ಷೆಯ ಮೊದಲ ಗೆರೆಗೆ ಮುಂಚೆ ಕೇಳಿಕೊಂಡರೆ, ನಾವು ಈ ಸಣ್ಣ ಸೇತುವೆಯ ವಿಷಯವನ್ನು ಹೇಳಿದುದು ಸಾರ್ಥಕವಾಗುವುದು.